ಗರ್ಭಾವಸ್ಥೆಯಲ್ಲಿ ಉತ್ತೇಜಕ ಔಷಧಿಗಳ ಸೇವನೆ ಮತ್ತು ಶಿಶುವಿನ ದಂತವಿಕಾಸ

ನವಜಾತ ಶಿಶುವಿನ ಬಾಯಿಯಲ್ಲಿ ಸಾಮಾನ್ಯವಾಗಿ ಒಂದು ಹಲ್ಲೂ ಕಾಣುವುದಿಲ್ಲ. ಆದರೆ ಆ ವೇಳೆಗಾಗಲೇ ಇಪ್ಪತ್ತು ಹಾಲುಹಲ್ಲುಗಳೂ ವಸಡಿನ ಒಳಗೆ ವಿವಿಧ ಹಂತಗಳಲ್ಲಿ ರೂಪುಗೊಳ್ಳುತ್ತಿರುತ್ತವೆ. ಮುಂಭಾಗದ ಬಾಚಿಹಲ್ಲುಗಳ ಹೊರಕವಚವಂತೂ ಬಹುಪಾಲು ಸಿದ್ಧವಾಗಿರುತ್ತದೆ. ಆದುದರಿಂದ ಮಗುವಿನ ಹಲ್ಲಿನ ಗುಣಾವಗುಣಗಳ ಚರಿತ್ರೆ ಮೊದಲ ಹಲ್ಲು ಮೂಡಿದ ದಿನದಿಂದ ಆರಂಭವಾಗದೆ, ತಾಯಿಯ ಗರ್ಭದಿಂದಲೇ ಆರಂಭವಾಗುತ್ತದೆ. ತಾಯಿಯ ಆಹಾರ, ಆಕೆಯ ಕಾಯಿಲೆಗಳು, ಆಕೆ ಸೇವಿಸಿದ ಔಷಧಿಗಳು ಇವೆಲ್ಲವೂ ಆ ಚರಿತ್ರೆಯ ಭಾಗಗಳಾಗುತ್ತವೆ.

ಇತ್ತೀಚಿನ ದಶಕಗಳಲ್ಲಿ ಈ ಪಟ್ಟಿಗೆ ಹೊಸದಾಗಿ ಸೇರಿರುವುದು ಉತ್ತೇಜಕ ಔಷಧಿಗಳ ವರ್ಗ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಕೇವಲ ಮಕ್ಕಳ ಸಮಸ್ಯೆಯೆಂದು ಬಹುಕಾಲ ಭಾವಿಸಲಾಗಿತ್ತು. ಅದು ವಯಸ್ಕರಲ್ಲಿಯೂ ಮುಂದುವರಿಯುತ್ತದೆಂಬ ತಿಳಿವಳಿಕೆ ಬೆಳೆದಂತೆ, ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಈ ಔಷಧಿಗಳ ಬಳಕೆಯೂ ಹೆಚ್ಚಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2018ರಲ್ಲಿ ಪ್ರಕಟಿಸಿದ ವರದಿಯಂತೆ, ಖಾಸಗಿ ವಿಮೆ ಹೊಂದಿದ್ದ 15ರಿಂದ 44 ವರ್ಷದ ಮಹಿಳೆಯರಲ್ಲಿ ಎಡಿಎಚ್‌ಡಿ ಔಷಧಿಗಳನ್ನು ಪಡೆದವರ ಪ್ರಮಾಣ 2003ರಲ್ಲಿ ಶೇಕಡಾ 0.9 ಇದ್ದುದು 2015ರಲ್ಲಿ ಶೇಕಡಾ 4ಕ್ಕೆ ಏರಿತ್ತು. ಇವರಲ್ಲಿ ಹಲವರು ಗರ್ಭಿಣಿಯರೆಂದು ತಿಳಿಯುವ ಮೊದಲೇ ಔಷಧಿ ಸೇವಿಸಿರುತ್ತಾರೆ. ಕೆಲವರು ಗರ್ಭಾವಸ್ಥೆಯ ಉದ್ದಕ್ಕೂ ಮುಂದುವರಿಸುತ್ತಾರೆ. ಈ ಔಷಧಿಗಳು ಗರ್ಭಸ್ಥ ಶಿಶುವಿನ ಹಲ್ಲಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಲ್ಲವೇ, ಬೀರುವುದಾದರೆ ಯಾವ ಮಾರ್ಗದಿಂದ, ಅದನ್ನು ಕಂಡುಹಿಡಿಯುವ ಬಗೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಲ್ಲು ರೂಪುಗೊಳ್ಳುವ ಕಾಲಕ್ರಮ

ಭ್ರೂಣದ ವಯಸ್ಸು ಸುಮಾರು 6 ವಾರಗಳಾದಾಗ, ಮುಂದೆ ದವಡೆಯಾಗಲಿರುವ ಭಾಗದ ಮೇಲ್ಪದರವು ಒಂದು ಪಟ್ಟಿಯಂತೆ ದಪ್ಪಗಾಗುತ್ತದೆ. ಇದನ್ನು ದಂತಪಟ್ಟಿ ಎನ್ನಬಹುದು. ಈ ಪಟ್ಟಿಯಿಂದ ನಿರ್ದಿಷ್ಟ ಸ್ಥಳಗಳಲ್ಲಿ ಹಲ್ಲಿನ ಅಂಕುರಗಳು ಒಳಮುಖವಾಗಿ ಬೆಳೆಯುತ್ತವೆ. ಅಂಕುರವು ಮೊದಲು ಮೊಗ್ಗಿನ ಆಕಾರವನ್ನೂ ಅನಂತರ ಟೋಪಿಯ ಆಕಾರವನ್ನೂ ಕೊನೆಗೆ ಗಂಟೆಯ ಆಕಾರವನ್ನೂ ತಾಳುವುದರಿಂದ ಈ ಮೂರು ಹಂತಗಳಿಗೆ ಅವೇ ಹೆಸರುಗಳು ಬಂದಿವೆ. ಮೇಲ್ಪದರದ ಕೋಶಗಳು ಹಲ್ಲಿನ ಹೊರಭಾಗದ ಗಟ್ಟಿಯಾದ ದಂತಕವಚವನ್ನು, ಅಂದರೆ ಎನಾಮೆಲನ್ನು ನಿರ್ಮಿಸುತ್ತವೆ. ಅದರ ಕೆಳಗಿನ ಡೆಂಟಿನ್ ಪದರವನ್ನೂ ಒಳಗಿನ ಮೃದುವಾದ ತಿರುಳನ್ನೂ ನಿರ್ಮಿಸುವವು, ನರಮಂಡಲದ ಮೂಲ ಅಂಚಿನಿಂದ ವಲಸೆ ಬಂದ ಬೇರೊಂದು ಬಗೆಯ ಕೋಶಗಳು. ಈ ಎರಡು ಕೋಶಸಮೂಹಗಳು ಪರಸ್ಪರ ರಾಸಾಯನಿಕ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತ ಹಲ್ಲಿನ ಸಂಖ್ಯೆ, ಸ್ಥಾನ ಮತ್ತು ಆಕಾರಗಳನ್ನು ನಿರ್ಧರಿಸುತ್ತವೆ.

ಖನಿಜಾಂಶ ಸೇರಿ ಹಲ್ಲು ಗಟ್ಟಿಯಾಗುವ ಕ್ರಿಯೆ ಇದಾದ ಮೇಲಿನದು. ಮಧ್ಯದ ಬಾಚಿಹಲ್ಲುಗಳಲ್ಲಿ ಇದು ಗರ್ಭದ ಸುಮಾರು 14ನೆಯ ವಾರದಲ್ಲಿ ಆರಂಭವಾಗುತ್ತದೆ. ಮೊದಲ ದವಡೆಹಲ್ಲು, ಪಕ್ಕದ ಬಾಚಿಹಲ್ಲು, ಕೋರೆಹಲ್ಲು ಹಾಗೂ ಎರಡನೆಯ ದವಡೆಹಲ್ಲುಗಳಲ್ಲಿ ಅನುಕ್ರಮವಾಗಿ 15ರಿಂದ 19ನೆಯ ವಾರದೊಳಗೆ ಆರಂಭವಾಗುತ್ತದೆ. ಮಗು ಹುಟ್ಟುವ ವೇಳೆಗೆ ಮೇಲಿನ ಮಧ್ಯದ ಬಾಚಿಹಲ್ಲಿನ ಕವಚದಲ್ಲಿ ಆರರಲ್ಲಿ ಐದು ಭಾಗ, ಪಕ್ಕದ ಬಾಚಿಹಲ್ಲಿನಲ್ಲಿ ಮೂರರಲ್ಲಿ ಎರಡು ಭಾಗ, ಕೋರೆಹಲ್ಲಿನಲ್ಲಿ ಮೂರರಲ್ಲಿ ಒಂದು ಭಾಗ ರಚನೆಯಾಗಿರುತ್ತದೆ. ಶಾಶ್ವತ ಹಲ್ಲುಗಳ ಪೈಕಿ ಮೊದಲ ದವಡೆಹಲ್ಲಿನ ತುದಿಗಳು ಮಾತ್ರ ಜನನದ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತವೆ. ಉಳಿದವುಗಳ ಖನಿಜೀಕರಣ ಜನನಾನಂತರದ ಕೆಲಸ.

ಈ ಕಾಲಕ್ರಮದಿಂದ ಎರಡು ಅನುಮಾನಗಳು ಸಹಜವಾಗಿ ಹೊರಡುತ್ತವೆ. ಮೊದಲ ಮೂರು ತಿಂಗಳಲ್ಲಿ ಅಡ್ಡಿಯುಂಟಾದರೆ ಅದು ಹಲ್ಲಿನ ಸಂಖ್ಯೆ ಅಥವಾ ಆಕಾರದಲ್ಲಿ ತೋರಿಬರಬೇಕು. ನಾಲ್ಕನೆಯ ತಿಂಗಳ ಅನಂತರ ಅಡ್ಡಿಯುಂಟಾದರೆ ಅದು ಕವಚದ ದಪ್ಪದಲ್ಲಿ ಅಥವಾ ಗಟ್ಟಿತನದಲ್ಲಿ, ಅದರಲ್ಲಿಯೂ ಹಾಲುಹಲ್ಲುಗಳಲ್ಲಿ, ತೋರಿಬರಬೇಕು. ಗರ್ಭಾವಸ್ಥೆಯ ಔಷಧಿಯೊಂದು ಹನ್ನೆರಡನೆಯ ವಯಸ್ಸಿನಲ್ಲಿ ಹುಟ್ಟುವ ಶಾಶ್ವತ ಹಲ್ಲಿನ ಕವಚವನ್ನು ಕೆಡಿಸಿತೆಂಬ ವಾದವನ್ನು ಈ ಕಾಲಕ್ರಮ ಸುಲಭವಾಗಿ ಒಪ್ಪುವುದಿಲ್ಲ.

ದಂತಕವಚವೆಂಬ ದಾಖಲೆ

ದಂತಕವಚವು ದೇಹದ ಇತರ ಊತಕಗಳಿಗಿಂತ ಭಿನ್ನವಾದುದು. ಅದರ ತೂಕದ ಶೇಕಡಾ 96ರಷ್ಟು ಭಾಗ ಖನಿಜ. ಅದನ್ನು ನಿರ್ಮಿಸುವ ಕೋಶಗಳು ಮೊದಲು ಪ್ರೋಟೀನುಗಳ ಒಂದು ಚೌಕಟ್ಟನ್ನು ಸ್ರವಿಸಿ, ಅನಂತರ ಆ ಪ್ರೋಟೀನನ್ನು ತೆಗೆದುಹಾಕಿ ಅದರ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳ ಹರಳುಗಳನ್ನು ತುಂಬುತ್ತವೆ. ಹಲ್ಲು ವಸಡನ್ನು ಭೇದಿಸಿ ಹೊರಬರುವ ಹೊತ್ತಿಗೆ ಈ ಕೋಶಗಳು ನಾಶವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯಗೊಂಡ ಚರ್ಮ ಮಾಯುತ್ತದೆ. ಕೆಟ್ಟ ದಂತಕವಚವನ್ನು ದೇಹ ಮತ್ತೆ ಕಟ್ಟಲಾರದು. ಸ್ರಾವದ ಹಂತದಲ್ಲಿ ತೊಂದರೆಯಾದರೆ ಕವಚ ತೆಳುವಾಗಿ ಗುಳಿ ಅಥವಾ ಗೆರೆಗಳು ಉಳಿಯುತ್ತವೆ. ಖನಿಜ ತುಂಬುವ ಹಂತದಲ್ಲಿ ತೊಂದರೆಯಾದರೆ ದಪ್ಪ ಸರಿಯಾಗಿದ್ದರೂ ಕವಚ ಮೆದುವಾಗಿ, ಬಿಳಿಯ ಅಥವಾ ಕಂದು ಬಣ್ಣದ ಮಚ್ಚೆಗಳು ಕಾಣುತ್ತವೆ. ಇಂತಹ ಹಲ್ಲುಗಳಿಗೆ ಹುಳುಕು ಬೇಗ ಹತ್ತುತ್ತದೆ. ಎರಡು ಮೂರು ವರ್ಷದ ಮಗು ಹಲ್ಲುನೋವಿನಿಂದ ಊಟ ನಿದ್ರೆಗಳನ್ನು ಬಿಡುವ ಪ್ರಸಂಗಗಳ ಹಿಂದೆ ಸಿಹಿತಿಂಡಿ ಮಾತ್ರವೇ ಇರಬೇಕೆಂದಿಲ್ಲ; ಹುಟ್ಟುವ ಮೊದಲೇ ದುರ್ಬಲವಾದ ಕವಚವೂ ಇರಬಹುದು.

ಮರದ ಕಾಂಡದಲ್ಲಿ ವರ್ಷದ ಬಳೆಗಳು ಮೂಡುವಂತೆ ದಂತಕವಚದಲ್ಲಿ ದಿನದ ಗುರುತುಗಳು ಮೂಡುತ್ತವೆ. ಒಂದು ದಿನದಲ್ಲಿ ಕೂಡುವ ಪದರದ ದಪ್ಪ ಕೆಲವೇ ಮೈಕ್ರೋಮೀಟರ್. ಹಲವು ದಿನಗಳಿಗೊಮ್ಮೆ ಇನ್ನೂ ಸ್ಪಷ್ಟವಾದ ಗೆರೆಯೊಂದು ಬೀಳುತ್ತದೆ. ಇದಕ್ಕೆ ಸ್ವೀಡನ್ನಿನ ಅಂಗರಚನಾಶಾಸ್ತ್ರಜ್ಞ ಆಂಡರ್ಸ್ ರೆಟ್ಸಿಯಸ್‌ನ ಹೆಸರು ಅಂಟಿಕೊಂಡಿದೆ. ಇವೆಲ್ಲಕ್ಕಿಂತ ಮುಖ್ಯವಾದುದು ಜನನರೇಖೆ. ಗರ್ಭದ ಹೊರಗೆ ಬಂದ ಮಗುವಿನ ದೇಹ ಹೊಸ ಪರಿಸರಕ್ಕೆ ಹೊಂದಿಕೊಳ್ಳುವ ದಿನಗಳಲ್ಲಿ ಕವಚದ ರಚನೆ ತುಸು ಏರುಪೇರಾಗಿ, ಸೂಕ್ಷ್ಮದರ್ಶಕದಲ್ಲಿ ಎದ್ದುಕಾಣುವ ಒಂದು ಗೆರೆ ಉಳಿಯುತ್ತದೆ. 1933ರಲ್ಲಿ ರಷ್ಟನ್ ಇದನ್ನು ವರ್ಣಿಸಿದರು. 1936ರಲ್ಲಿ ಐಸಾಕ್ ಶೌರ್ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಈ ರೇಖೆಯ ಒಳಭಾಗದಲ್ಲಿರುವ ಕವಚವೆಲ್ಲ ಗರ್ಭದಲ್ಲಿ ರಚನೆಯಾದುದು, ಹೊರಭಾಗದ್ದು ಜನನಾನಂತರದ್ದು. ಆದಕಾರಣ ಉದುರಿದ ಹಾಲುಹಲ್ಲೊಂದನ್ನು ತೆಳುವಾಗಿ ಕೊಯ್ದು ನೋಡಿದರೆ, ಅದರಲ್ಲಿನ ದೋಷವು ಮಗು ಹುಟ್ಟುವ ಮೊದಲಿನದೋ ಅನಂತರದ್ದೋ ಎಂಬುದನ್ನು ವರ್ಷಗಳ ಮೇಲೆಯೂ ನಿರ್ಣಯಿಸಬಹುದು. ದೇಹದಲ್ಲಿ ಹೀಗೆ ದಿನಾಂಕ ಸಹಿತವಾದ ದಾಖಲೆಯನ್ನು ಉಳಿಸಿಕೊಂಡು ಬರುವ ಅಂಗಗಳು ವಿರಳ.

ಟೆಟ್ರಾಸೈಕ್ಲಿನ್ ಕಲಿಸಿದ ಪಾಠ

ತಾಯಿ ಸೇವಿಸಿದ ಔಷಧಿ ಮಗುವಿನ ಹಲ್ಲಿನಲ್ಲಿ ಶಾಶ್ವತವಾದ ಗುರುತು ಬಿಡಬಲ್ಲದೆಂಬುದಕ್ಕೆ ನಿರ್ವಿವಾದವಾದ ನಿದರ್ಶನ ಟೆಟ್ರಾಸೈಕ್ಲಿನ್ ವರ್ಗದ ಜೀವಿರೋಧಕಗಳದು. ಈ ವರ್ಗದ ಮೊದಲ ಔಷಧಿ 1948ರಲ್ಲಿ ಬೆಳಕಿಗೆ ಬಂದಿತು. ಅದನ್ನು ದೀರ್ಘಕಾಲ ಸೇವಿಸಿದ ಮಕ್ಕಳ ಹಲ್ಲುಗಳು ಬಣ್ಣಗೆಟ್ಟಿರುವುದನ್ನು ವೈದ್ಯರು ವರದಿ ಮಾಡಿದ್ದು 1956ರಲ್ಲಿ. ಟೆಟ್ರಾಸೈಕ್ಲಿನ್ ಅಣುವು ಕ್ಯಾಲ್ಸಿಯಂಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾಸುವನ್ನು ದಾಟಿ ಶಿಶುವಿನ ರಕ್ತವನ್ನು ಸೇರುತ್ತದೆ. ಗಟ್ಟಿಯಾಗುತ್ತಿರುವ ಹಲ್ಲಿನೊಳಗೆ ಹರಳುಗಳೊಂದಿಗೆ ಸೆರೆಯಾಗುತ್ತದೆ. ಗರ್ಭದ ನಾಲ್ಕನೆಯ ತಿಂಗಳ ಅನಂತರ ತಾಯಿ ಅದನ್ನು ಸೇವಿಸಿದರೆ ಹಾಲುಹಲ್ಲುಗಳು ಹಳದಿ ಅಥವಾ ಬೂದುಗಂದು ಬಣ್ಣಕ್ಕೆ ತಿರುಗುತ್ತವೆ. ಗರ್ಭಾವಸ್ಥೆಯ ಉತ್ತರಾರ್ಧದಲ್ಲಿಯೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ವರ್ಗದ ಔಷಧಿಗಳನ್ನು ಸಾಮಾನ್ಯವಾಗಿ ಕೊಡಬಾರದೆಂಬ ಎಚ್ಚರಿಕೆ ಬಂದುದು ಹೀಗೆ.

ಔಷಧಿ ಬಳಕೆಗೆ ಬಂದ ದಿನಕ್ಕೂ ದೋಷ ಕಣ್ಣಿಗೆ ಬಿದ್ದ ದಿನಕ್ಕೂ ನಡುವೆ ಸುಮಾರು ಎಂಟು ವರ್ಷಗಳ ಅಂತರವಿದ್ದುದು ಗಮನಾರ್ಹ. ಹಲ್ಲು ತಡವಾಗಿ ಮೂಡುವ ಅಂಗವಾದುದರಿಂದ ಅದರ ದೋಷವೂ ತಡವಾಗಿಯೇ ತಿಳಿಯುತ್ತದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್‌ನ ಅನಾಹುತ ಶಿಶುಗಳ ಕೈಕಾಲುಗಳಲ್ಲಿ ಹುಟ್ಟಿದ ಕ್ಷಣವೇ ಕಾಣುತ್ತಿದ್ದುದರಿಂದ 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹಲ್ಲಿನ ದೋಷ ಹಾಗೆ ಕೂಗಿ ಹೇಳುವುದಿಲ್ಲ. ಉತ್ತೇಜಕ ಔಷಧಿಗಳ ಕುರಿತ ಸಾಕ್ಷ್ಯಗಳನ್ನು ತೂಗುವಾಗ ಈ ಅಂಶವನ್ನು ನೆನಪಿನಲ್ಲಿಡುವುದು ಅಗತ್ಯ.

ಉತ್ತೇಜಕ ಔಷಧಿಗಳು: ಹಿನ್ನೆಲೆ

ಆಂಫೆಟಮಿನ್ ಅನ್ನು 1887ರಲ್ಲಿ ರುಮೇನಿಯಾ ಮೂಲದ ರಸಾಯನಶಾಸ್ತ್ರಜ್ಞ ಲಾಜಾರ್ ಎಡೆಲೆಯಾನು ಬರ್ಲಿನ್ನಿನಲ್ಲಿ ಮೊದಲು ಸಂಶ್ಲೇಷಿಸಿದರು. ಅದರ ಚಿಕಿತ್ಸಕ ಉಪಯೋಗ ಸ್ಪಷ್ಟವಾಗಲು ಅರ್ಧ ಶತಮಾನ ಬೇಕಾಯಿತು. 1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ, ವರ್ತನೆಯ ತೊಂದರೆಯಿದ್ದ ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟಾಗ ಅವರ ಓದು ಮತ್ತು ನಡವಳಿಕೆ ಸುಧಾರಿಸಿದ್ದನ್ನು ವರದಿ ಮಾಡಿದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ಲಿಯಾಂಡ್ರೊ ಪಾನಿಜ್ಜೋನ್ ಮೀಥೈಲ್‌ಫೆನಿಡೇಟನ್ನು ತಯಾರಿಸಿದರು. 1954ರಲ್ಲಿ ಅದು ರಿಟಾಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಭಾರತದಲ್ಲಿ 1985ರ ಮಾದಕ ವಸ್ತುಗಳು ಮತ್ತು ಮನೋಪ್ರಭಾವಿ ಪದಾರ್ಥಗಳ ಅಧಿನಿಯಮದ ಅಡಿಯಲ್ಲಿ ಆಂಫೆಟಮಿನ್ ಮತ್ತು ಮೀಥೈಲ್‌ಫೆನಿಡೇಟ್‌ಗಳೆರಡೂ ನಿಯಂತ್ರಿತ ಪದಾರ್ಥಗಳಾಗಿವೆ.

ಈ ಔಷಧಿಗಳು ಮಿದುಳಿನ ನರಕೋಶಗಳ ನಡುವೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕಗಳ ಮಟ್ಟವನ್ನು ಏರಿಸುತ್ತವೆ. ಮೀಥೈಲ್‌ಫೆನಿಡೇಟ್ ಅವುಗಳ ಮರುಹೀರಿಕೆಯನ್ನು ತಡೆಯುತ್ತದೆ. ಆಂಫೆಟಮಿನ್ ಅದರೊಂದಿಗೆ ಅವುಗಳ ಬಿಡುಗಡೆಯನ್ನೂ ಹೆಚ್ಚಿಸುತ್ತದೆ. ಪರಿಣಾಮ ಮಿದುಳಿಗೆ ಸೀಮಿತವಲ್ಲ. ಹೃದಯದ ಬಡಿತ ಮತ್ತು ರಕ್ತದೊತ್ತಡ ತುಸು ಏರುತ್ತವೆ, ರಕ್ತನಾಳಗಳು ಸಂಕುಚಿಸುತ್ತವೆ, ಹಸಿವು ಕುಗ್ಗುತ್ತದೆ, ಬಾಯಿ ಒಣಗುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮೆಥಾಂಫೆಟಮಿನ್ ವ್ಯಸನಿಗಳ ಹಲ್ಲುಗಳು ತೀವ್ರವಾಗಿ ಹಾಳಾಗುವುದು ಪ್ರಸಿದ್ಧ ಸಂಗತಿ. ಅದು ಬಾಯಿ ಒಣಗುವಿಕೆ, ಹಲ್ಲು ಕಡಿಯುವಿಕೆ, ಸಿಹಿಪಾನೀಯಗಳು ಮತ್ತು ನಿರ್ಲಕ್ಷ್ಯದಿಂದ ವ್ಯಸನಿಯ ಸ್ವಂತ ಬಾಯಿಯಲ್ಲಿ ಉಂಟಾಗುವ ಹಾನಿ. ಗರ್ಭಸ್ಥ ಶಿಶುವಿನ ದಂತವಿಕಾಸಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ವೈದ್ಯರ ಸಲಹೆಯಂತೆ ಮಿತವಾಗಿ ಸೇವಿಸಿದ ಔಷಧಿಯನ್ನು ಬೀದಿಯ ಮಾದಕವಸ್ತುವಿನೊಂದಿಗೆ ಒಂದೇ ತಕ್ಕಡಿಯಲ್ಲಿಡುವುದೂ ಸಲ್ಲದು. ಎರಡನೆಯದರಲ್ಲಿ ಪ್ರಮಾಣ ಹಲವು ಪಟ್ಟು ಹೆಚ್ಚು, ಜೊತೆಗೆ ತಂಬಾಕು, ಮದ್ಯ ಹಾಗೂ ಅಪೌಷ್ಟಿಕತೆಗಳೂ ಬೆರೆತಿರುತ್ತವೆ.

ಪರಿಣಾಮದ ಸಂಭವನೀಯ ಮಾರ್ಗಗಳು

ಉತ್ತೇಜಕ ಔಷಧಿಯು ಟೆಟ್ರಾಸೈಕ್ಲಿನ್‌ನಂತೆ ಕ್ಯಾಲ್ಸಿಯಂಗೆ ಅಂಟಿಕೊಂಡು ಹಲ್ಲಿನೊಳಗೆ ಸೆರೆಯಾಗುವ ಪದಾರ್ಥವಲ್ಲ. ಪರಿಣಾಮವಿದ್ದರೆ ಅದು ಬೇರೆ ಮಾರ್ಗಗಳಿಂದ ಬರಬೇಕು. ಅಂತಹ ನಾಲ್ಕು ಮಾರ್ಗಗಳನ್ನು ಗುರುತಿಸಬಹುದು.

ಮೊದಲನೆಯದು ರಕ್ತಪೂರೈಕೆಯ ಮಾರ್ಗ. ಗಬ್ಬದ ಕುರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮೆಥಾಂಫೆಟಮಿನ್ ಕೊಟ್ಟಾಗ ತಾಯಿಯ ರಕ್ತದೊತ್ತಡ ಏರಿ, ಗರ್ಭಕೋಶಕ್ಕೆ ಹರಿಯುವ ರಕ್ತ ಕಡಿಮೆಯಾಗಿ, ಮರಿಯ ರಕ್ತದಲ್ಲಿ ಆಮ್ಲಜನಕ ಇಳಿದುದು ಕಂಡುಬಂದಿದೆ. ಕವಚವನ್ನು ನಿರ್ಮಿಸುವ ಕೋಶಗಳು ಸತತವಾಗಿ ದುಡಿಯುವ, ಆಮ್ಲಜನಕದ ಕೊರತೆಗೆ ಬೇಗ ತುತ್ತಾಗುವ ಕೋಶಗಳು. ಪ್ರಯೋಗದಲ್ಲಿ ರಕ್ತನಾಳಕ್ಕೆ ನೇರವಾಗಿ ಚುಚ್ಚಿದ ಪ್ರಮಾಣಕ್ಕೂ ಮಹಿಳೆಯೊಬ್ಬಳು ಗುಳಿಗೆಯ ರೂಪದಲ್ಲಿ ನುಂಗುವ ಪ್ರಮಾಣಕ್ಕೂ ವ್ಯತ್ಯಾಸವಿರುವುದನ್ನು ಮರೆಯಬಾರದು.

ಎರಡನೆಯದು ಪೋಷಣೆಯ ಮಾರ್ಗ. ಹಸಿವು ಕುಗ್ಗಿದ ಗರ್ಭಿಣಿ ಸಾಕಷ್ಟು ಉಣ್ಣದಿದ್ದರೆ ಕ್ಯಾಲ್ಸಿಯಂ, ಪ್ರೋಟೀನು, ಜೀವಸತ್ವಗಳ ಕೊರತೆ ಉಂಟಾಗಬಹುದು. ಡಿ ಜೀವಸತ್ವದ ವಿಷಯದಲ್ಲಿ ಬಲವಾದ ಸಾಕ್ಷ್ಯವೇ ದೊರೆತಿದೆ. ಡೆನ್ಮಾರ್ಕಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಹೆಚ್ಚಿನ ಪ್ರಮಾಣದ ಡಿ ಜೀವಸತ್ವ ಪಡೆದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೆ ಶಾಶ್ವತ ಹಲ್ಲುಗಳ ಕವಚದೋಷ ಶೇಕಡಾ 15.1 ಇತ್ತು, ಸಾಮಾನ್ಯ ಪ್ರಮಾಣ ಪಡೆದವರ ಮಕ್ಕಳಲ್ಲಿ ಶೇಕಡಾ 27.5 ಇತ್ತು.

ಮೂರನೆಯದು ಅಕಾಲಿಕ ಪ್ರಸವದ ಮಾರ್ಗ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಶಿಶುಗಳ ಹಾಲುಹಲ್ಲುಗಳಲ್ಲಿ ಕವಚದೋಷ ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳಿಂದ ದೃಢಪಟ್ಟಿದೆ. ಶಿಶುವು ಖನಿಜಗಳನ್ನು ಅತಿಹೆಚ್ಚಾಗಿ ಪಡೆಯುವುದು ಗರ್ಭದ ಕೊನೆಯ ವಾರಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಪಾಲು ತಪ್ಪುತ್ತದೆ. ಔಷಧಿಯೊಂದು ಅಕಾಲಿಕ ಪ್ರಸವದ ಸಾಧ್ಯತೆಯನ್ನು ಅಲ್ಪವಾಗಿಯಾದರೂ ಹೆಚ್ಚಿಸಿದರೆ ಹಲ್ಲಿನ ಮೇಲಿನ ಪರಿಣಾಮ ಪರೋಕ್ಷವಾಗಿ ಬರುತ್ತದೆ.

ನಾಲ್ಕನೆಯದು ನೇರವಾದ ರಾಸಾಯನಿಕ ಸಂಕೇತದ ಮಾರ್ಗ. ನರಗಳ ಸಂದೇಶವಾಹಕಗಳೆಂದು ಹೆಸರಾದ ಪದಾರ್ಥಗಳು ನರಮಂಡಲ ರೂಪುಗೊಳ್ಳುವ ಮೊದಲೇ ಅಂಗಗಳ ಬೆಳವಣಿಗೆಯಲ್ಲಿ ಪಾತ್ರ ವಹಿಸುತ್ತವೆ. ಇಲಿಯ ದಂತಾಂಕುರಗಳನ್ನು ದೇಹದ ಹೊರಗೆ ಬೆಳೆಸಿದ ಪ್ರಯೋಗಗಳಲ್ಲಿ ಸೆರೊಟೊನಿನ್ ಅವುಗಳ ಬೆಳವಣಿಗೆಯನ್ನು ಪ್ರಚೋದಿಸುವುದು 1990ರ ದಶಕದಲ್ಲಿ ಕಂಡುಬಂದಿತು. ಉತ್ತೇಜಕ ಔಷಧಿಗಳು ಮುಖ್ಯವಾಗಿ ಪ್ರಭಾವಿಸುವುದು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನಾದುದರಿಂದ ಸೆರೊಟೊನಿನ್ ಕುರಿತ ಫಲಿತಾಂಶವನ್ನು ಅವುಗಳಿಗೆ ಹಾಗೆಯೇ ಅನ್ವಯಿಸಲಾಗದು. ಕವಚ ನಿರ್ಮಿಸುವ ಕೋಶಗಳಲ್ಲಿ ದೇಹದ ದಿನಚರಿಯನ್ನು ನಿಯಂತ್ರಿಸುವ ಜೀನುಗಳು ಕೆಲಸ ಮಾಡುತ್ತವೆಂಬುದೂ ತಿಳಿದುಬಂದಿದೆ. ನಿದ್ರೆ ಎಚ್ಚರಗಳ ಲಯವನ್ನು ಬದಲಿಸುವ ಔಷಧಿಗಳು ಕವಚದ ದೈನಂದಿನ ಲಯವನ್ನೂ ತಟ್ಟಬಹುದೆಂಬುದು ಈ ನೆಲೆಯಲ್ಲಿ ಪರೀಕ್ಷೆಗೆ ಯೋಗ್ಯವಾದ ಊಹೆ.

ಉತ್ತೇಜಕಗಳ ಪೈಕಿ ಹಲ್ಲಿನ ಮೇಲಿನ ಪರಿಣಾಮಕ್ಕಾಗಿ ಪ್ರಾಣಿಗಳಲ್ಲಿ ಪರೀಕ್ಷೆಗೆ ಒಳಗಾದದ್ದು ಕಾಫಿ, ಚಹಾಗಳಲ್ಲಿರುವ ಕೆಫೀನ್. ನಕಮೋಟೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಗಳಲ್ಲಿ, ಗರ್ಭದಲ್ಲಿ ಅಥವಾ ಹಾಲೂಡುವ ಅವಧಿಯಲ್ಲಿ ತಾಯಿಯ ಮೂಲಕ ಕೆಫೀನ್ ಪಡೆದ ಇಲಿಮರಿಗಳ ದವಡೆಹಲ್ಲಿನ ಕವಚವನ್ನು ಪರಿಶೀಲಿಸಿ, ಅದರಲ್ಲಿ ಬದಲಾವಣೆಗಳನ್ನು ಗುರುತಿಸಲಾಯಿತು. ಕೆಫೀನ್ ಮಾಸುವನ್ನು ಸುಲಭವಾಗಿ ದಾಟುತ್ತದೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಅದು ತಾಯಿಯ ದೇಹದಿಂದ ಹೊರಹೋಗಲು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ. ದಿನಕ್ಕೆ 300 ಮಿಲಿಗ್ರಾಮಿಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಮಾಡಿತು. ಈ ಸಲಹೆ ಗರ್ಭಪಾತ ಮತ್ತು ಶಿಶುವಿನ ತೂಕವನ್ನು ಕುರಿತದ್ದು, ಹಲ್ಲನ್ನು ಕುರಿತದ್ದಲ್ಲ. ಇಲಿಯ ಹಲ್ಲಿನ ಬೆಳವಣಿಗೆಯ ವೇಗವೂ ಮನುಷ್ಯನದಕ್ಕಿಂತ ಬೇರೆ. ಆದುದರಿಂದ ಈ ಅಧ್ಯಯನಗಳನ್ನು ದಾರಿ ತೋರುವ ಸೂಚನೆಗಳೆಂದು ಪರಿಗಣಿಸುವುದು ಉಚಿತ, ತೀರ್ಪುಗಳೆಂದಲ್ಲ.

ಮಾನವ ಅಧ್ಯಯನಗಳು ಹೇಳಿದ್ದು, ಹೇಳದೆ ಬಿಟ್ಟದ್ದು

ಉತ್ತೇಜಕ ಔಷಧಿಗಳ ಗರ್ಭಸುರಕ್ಷತೆಯನ್ನು ಕುರಿತ ಅತಿ ದೊಡ್ಡ ಅಧ್ಯಯನಗಳಲ್ಲೊಂದು 2018ರಲ್ಲಿ ಪ್ರಕಟವಾಯಿತು. ಅಮೆರಿಕದ ಸುಮಾರು 18 ಲಕ್ಷ ಗರ್ಭಧಾರಣೆಗಳ ಹಾಗೂ ನಾರ್ಡಿಕ್ ದೇಶಗಳ ಸುಮಾರು 25 ಲಕ್ಷ ಗರ್ಭಧಾರಣೆಗಳ ದಾಖಲೆಗಳನ್ನು ಅದರಲ್ಲಿ ಪರಿಶೀಲಿಸಲಾಯಿತು. ಮೊದಲ ಮೂರು ತಿಂಗಳಲ್ಲಿ ಮೀಥೈಲ್‌ಫೆನಿಡೇಟ್ ಸೇವಿಸಿದವರ ಶಿಶುಗಳಲ್ಲಿ ಹೃದಯದ ಜನ್ಮದೋಷಗಳ ಸಾಧ್ಯತೆ ಅಲ್ಪ ಪ್ರಮಾಣದಲ್ಲಿ, ಸುಮಾರು 1.28 ಪಟ್ಟು, ಹೆಚ್ಚಿರುವುದು ಕಂಡುಬಂದಿತು. ಆಂಫೆಟಮಿನ್‌ಗಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಉತ್ತೇಜಕ ಸೇವಿಸಿದವರಲ್ಲಿ ಗರ್ಭಾವಸ್ಥೆಯ ರಕ್ತದೊತ್ತಡದ ತೊಡಕಾದ ಪ್ರಿಎಕ್ಲಾಂಪ್ಸಿಯಾ ತುಸು ಹೆಚ್ಚಾಗಿ ಕಂಡುಬಂದಿತು. ಗರ್ಭಾವಸ್ಥೆಯ ಉತ್ತರಾರ್ಧದಲ್ಲಿಯೂ ಸೇವನೆ ಮುಂದುವರಿಸಿದವರಲ್ಲಿ ಅಕಾಲಿಕ ಪ್ರಸವವೂ ತುಸು ಹೆಚ್ಚಿತ್ತು.

ಈ ಫಲಿತಾಂಶಗಳು ಮೇಲೆ ಹೇಳಿದ ಮೊದಲ ಮತ್ತು ಮೂರನೆಯ ಮಾರ್ಗಗಳಿಗೆ ಹೊಂದಿಕೊಳ್ಳುತ್ತವೆ. ಹಲ್ಲಿನ ವಿಷಯದಲ್ಲಿ ಮಾತ್ರ ಅವು ಮೌನವಾಗಿವೆ. ಈ ಮೌನಕ್ಕೆ ಕಾರಣ ಅಧ್ಯಯನದ ವಿಧಾನದಲ್ಲಿಯೇ ಇದೆ. ಇಂತಹ ದಾಖಲೆಗಳಲ್ಲಿ ಎಣಿಕೆಗೆ ಸಿಗುವುದು ಹುಟ್ಟಿದಾಗ ಅಥವಾ ಹುಟ್ಟಿದ ಕೆಲವು ತಿಂಗಳಲ್ಲಿ ವೈದ್ಯರ ಕಣ್ಣಿಗೆ ಬೀಳುವ ದೋಷ. ಮೊದಲ ಹಲ್ಲು ಮೂಡುವುದೇ ಸುಮಾರು ಆರನೆಯ ತಿಂಗಳಲ್ಲಿ, ಹಾಲುಹಲ್ಲುಗಳೆಲ್ಲ ಮೂಡಿ ಮುಗಿಯುವುದು ಎರಡೂವರೆ ವರ್ಷದ ಹೊತ್ತಿಗೆ. ಕವಚದ ಮಚ್ಚೆಯನ್ನು ದಂತವೈದ್ಯರು ಗುರುತಿಸಿದರೂ ಅದು ತಾಯಿಯ ಔಷಧಿಯ ದಾಖಲೆಯೊಂದಿಗೆ ಜೋಡಣೆಯಾಗುವುದಿಲ್ಲ. ಲಕ್ಷಾಂತರ ಜನನಗಳ ಅಂಕಿಅಂಶದಲ್ಲಿ ದಂತದೋಷ ಕಾಣಿಸಿಲ್ಲವೆಂಬುದು ದಂತದೋಷವಿಲ್ಲವೆಂಬುದಕ್ಕೆ ಪುರಾವೆಯಾಗದು; ಇದೆಯೆಂಬುದಕ್ಕೂ ಪುರಾವೆಯಾಗದು. ಅಲ್ಲಿ ಹಲ್ಲನ್ನು ನೋಡಿಲ್ಲ, ಅಷ್ಟೆ.

ರೋಗವೋ ಔಷಧಿಯೋ

ಹಲ್ಲನ್ನು ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಗಿ, ಈ ಚರ್ಚೆಗೆ ಹೊಸ ತಿರುವು ಕೊಟ್ಟಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳ 70 ಹಾಲುಹಲ್ಲುಗಳನ್ನು ಅಮೆರಿಕದ ಎರಿನ್ ಡನ್ ಮತ್ತು ಸಂಗಡಿಗರು ಪರೀಕ್ಷಿಸಿ ಜನನರೇಖೆಯ ಅಗಲವನ್ನು ಅಳೆದರು. ತೀವ್ರ ಖಿನ್ನತೆಯ ಹಿನ್ನೆಲೆಯಿದ್ದ, ಅಥವಾ ಗರ್ಭದ 32ನೆಯ ವಾರದಲ್ಲಿ ಖಿನ್ನತೆ ಆತಂಕಗಳಿಂದ ಬಳಲುತ್ತಿದ್ದ ತಾಯಂದಿರ ಮಕ್ಕಳಲ್ಲಿ ಆ ರೇಖೆ ಹೆಚ್ಚು ಅಗಲವಾಗಿತ್ತು. ಪ್ರಸವದ ಬಳಿಕ ಸುತ್ತಲಿನವರ ಆಸರೆ ಚೆನ್ನಾಗಿ ದೊರೆತ ತಾಯಂದಿರ ಮಕ್ಕಳಲ್ಲಿ ಅದು ಕಿರಿದಾಗಿತ್ತು. ಅಂದರೆ ಯಾವ ಗುಳಿಗೆಯ ಹಂಗೂ ಇಲ್ಲದೆ ತಾಯಿಯ ಮನಃಸ್ಥಿತಿಯೇ ಮಗುವಿನ ಹಲ್ಲಿನ ರಚನೆಯೊಂದಿಗೆ ಸಂಬಂಧ ಹೊಂದಿರುವಂತೆ ತೋರುತ್ತದೆ.

ಇದರಿಂದ ಹೊರಡುವ ತಾರ್ಕಿಕ ತೊಡಕು ಗಂಭೀರವಾದುದು. ಉತ್ತೇಜಕ ಔಷಧಿ ಸೇವಿಸುವ ಮಹಿಳೆಯರಿಗೆ ಅದನ್ನು ಸೇವಿಸಲು ಕಾರಣವಾದ ತೊಂದರೆಯೂ ಇರುತ್ತದೆ. ಎಡಿಎಚ್‌ಡಿ ಇರುವವರಲ್ಲಿ ಖಿನ್ನತೆ, ಆತಂಕ ಮತ್ತು ಧೂಮಪಾನ ಇತರರಿಗಿಂತ ಹೆಚ್ಚು. ಇವರ ಮಕ್ಕಳ ಹಲ್ಲುಗಳನ್ನು ಆರೋಗ್ಯವಂತ ಮಹಿಳೆಯರ ಮಕ್ಕಳ ಹಲ್ಲುಗಳೊಂದಿಗೆ ಹೋಲಿಸಿ ವ್ಯತ್ಯಾಸ ಕಂಡರೆ ಅದನ್ನು ಔಷಧಿಯ ಮೇಲೆ ಹೊರಿಸುವುದು ಅವಸರದ ತೀರ್ಮಾನವಾಗುತ್ತದೆ. ಔಷಧಿಯನ್ನು ನಿಲ್ಲಿಸಿದ್ದರಿಂದ ತಾಯಿಯ ಒತ್ತಡ ಹೆಚ್ಚಿ, ಅದೇ ಹಲ್ಲಿಗೆ ಮುಳುವಾಗುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಸರಿಯಾದ ಹೋಲಿಕೆ ನಡೆಯಬೇಕಾದುದು ಅದೇ ತೊಂದರೆಯಿದ್ದು ಔಷಧಿ ಸೇವಿಸಿದವರ ಮತ್ತು ಸೇವಿಸದವರ ನಡುವೆ. ಸಾಧ್ಯವಾದರೆ ಒಬ್ಬಳೇ ತಾಯಿಯ ಇಬ್ಬರು ಮಕ್ಕಳ ನಡುವೆ.

ಕವಚದೋಷಗಳು ಸಾಮಾನ್ಯ ಜನಸಮುದಾಯದಲ್ಲಿಯೇ ವಿರಳವಲ್ಲವೆಂಬುದು ಇನ್ನೊಂದು ತೊಡಕು. ಡೆನ್ಮಾರ್ಕಿನ ಪ್ರಯೋಗದಲ್ಲಿ ಸಾಮಾನ್ಯ ಪೋಷಣೆ ಪಡೆದ ಗುಂಪಿನ ನಾಲ್ಕು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚಿನವರಲ್ಲಿ ದೋಷವಿದ್ದುದನ್ನು ಇಲ್ಲಿ ನೆನೆಯಬಹುದು. ಕರ್ನಾಟಕದಂತಹ ರಾಜ್ಯದಲ್ಲಿ ಈ ಪ್ರಶ್ನೆಯನ್ನು ಅಧ್ಯಯನ ಮಾಡಹೊರಟರೆ ಫ್ಲೋರೈಡನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕೋಲಾರ, ಪಾವಗಡ, ಮುಂಡರಗಿ ಮೊದಲಾದ ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವ ಬಾವಿಗಳಿವೆ. ಫ್ಲೋರೋಸಿಸ್‌ನ ಬಿಳಿ ಮತ್ತು ಕಂದು ಕಲೆಗಳು ಬರಿಗಣ್ಣಿಗೆ ಇತರ ಕವಚದೋಷಗಳಂತೆಯೇ ತೋರಬಹುದು. ಇಲ್ಲಿಯೂ ಕಾಲಕ್ರಮವೇ ನೆರವಿಗೆ ಬರುತ್ತದೆ: ಫ್ಲೋರೈಡ್ ಮಾಸುವನ್ನು ದಾಟುವುದಾದರೂ, ಹಾಲುಹಲ್ಲುಗಳಲ್ಲಿ ಅದರ ಗುರುತು ಸಾಮಾನ್ಯವಾಗಿ ಮಸುಕು, ಬಾಲ್ಯದಲ್ಲಿ ಗಟ್ಟಿಯಾಗುವ ಶಾಶ್ವತ ಹಲ್ಲುಗಳಲ್ಲಿ ಢಾಳು.

ಸಂಶೋಧನೆಗೆ ತೆರೆದಿರುವ ದಾರಿ

ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಸಾರ್ವಜನಿಕ ಮಹತ್ವದ ಪ್ರಶ್ನೆಗೆ ಉತ್ತರ ಪಡೆದ ಪೂರ್ವನಿದರ್ಶನವಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ 1970ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಹಾಲುಹಲ್ಲುಗಳನ್ನು ಸಂಗ್ರಹಿಸಿ, ಅಣ್ವಸ್ತ್ರ ಪರೀಕ್ಷೆಗಳಿಂದ ಹೊರಬಿದ್ದ ಸ್ಟ್ರಾಂಷಿಯಂ-90 ಮಕ್ಕಳ ಹಲ್ಲುಗಳಲ್ಲಿ ಹೆಚ್ಚುತ್ತಿರುವುದನ್ನು ತೋರಿಸಲಾಯಿತು. ನ್ಯೂಯಾರ್ಕಿನಲ್ಲಿ ಮನೀಶ್ ಅರೋರಾ ಮತ್ತು ಸಂಗಡಿಗರು ಲೇಸರ್ ಕಿರಣದಿಂದ ಹಾಲುಹಲ್ಲಿನ ಪದರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗರ್ಭದ ಯಾವ ವಾರಗಳಲ್ಲಿ ಸೀಸ, ಸತು ಮುಂತಾದ ಲೋಹಗಳು ಎಷ್ಟು ಸೇರಿದವೆಂಬುದನ್ನು ಓದುವ ವಿಧಾನವನ್ನು ಬೆಳೆಸಿದ್ದಾರೆ.

ಉತ್ತೇಜಕ ಔಷಧಿಗಳ ಪ್ರಶ್ನೆಗೂ ಇದೇ ದಾರಿ ಸೂಕ್ತ. ತಾಯಿ ಯಾವ ತಿಂಗಳಲ್ಲಿ ಯಾವ ಔಷಧಿಯನ್ನು ಎಷ್ಟು ಪ್ರಮಾಣದಲ್ಲಿ ಸೇವಿಸಿದಳೆಂಬುದು ಗರ್ಭಾವಸ್ಥೆಯಲ್ಲಿಯೇ ದಾಖಲಾಗಿದ್ದು, ಆರೇಳು ವರ್ಷಗಳ ಬಳಿಕ ಮಗುವಿನ ಬಾಚಿಹಲ್ಲು ಉದುರಿದಾಗ ಅದು ಪ್ರಯೋಗಾಲಯಕ್ಕೆ ಬಂದರೆ, ಜನನರೇಖೆಯ ಒಳಗಿನ ಕವಚದ ದಪ್ಪ, ಖನಿಜಾಂಶ ಮತ್ತು ದಿನದ ಗುರುತುಗಳ ಕ್ರಮವನ್ನು ಆ ದಾಖಲೆಯೊಂದಿಗೆ ಹೋಲಿಸಬಹುದು. ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ತಿಂಗಳುವಾರು ಬರೆಯುವ ಪದ್ಧತಿ ಗಟ್ಟಿಯಾದರೆ, ಇಂತಹ ಅಧ್ಯಯನಕ್ಕೆ ಅಡಿಪಾಯ ದೊರೆತಂತಾಗುತ್ತದೆ. ನಮ್ಮ ಕಡೆ ಉದುರಿದ ಹಾಲುಹಲ್ಲನ್ನು ಮನೆಯ ಹೆಂಚಿನ ಮೇಲೆ ಎಸೆಯುವ ರೂಢಿಯಿದೆ. ಮಗುವಿನ ಗರ್ಭವಾಸದ ಏಕೈಕ ಲಿಖಿತ ದಾಖಲೆಯಂತಿರುವ ವಸ್ತು ಹಾಗೆ ಕೈತಪ್ಪಿ ಹೋಗುತ್ತಿದೆ.

ಚಿಕಿತ್ಸೆಯ ವಿವೇಕ

ಪ್ರಯೋಗಾಲಯದ ಉತ್ತರಕ್ಕಾಗಿ ಗರ್ಭಿಣಿ ಕಾಯುವಂತಿಲ್ಲ. ಆಕೆಗೆ ಇಂದೇ ನಿರ್ಧಾರ ಬೇಕು. ಈಗಿರುವ ಜ್ಞಾನದ ಆಧಾರದ ಮೇಲೆ ಕೆಲವು ಮಾತುಗಳನ್ನು ಹೇಳಬಹುದು. ಹಲ್ಲಿನ ಭಯದಿಂದ ಮಾತ್ರವೇ ಔಷಧಿಯನ್ನು ತಾನಾಗಿ ಥಟ್ಟನೆ ನಿಲ್ಲಿಸುವುದು ಯುಕ್ತವಲ್ಲ. ತೀವ್ರವಾದ ಎಡಿಎಚ್‌ಡಿ ಅಥವಾ ಹಗಲಿನಲ್ಲಿ ತಡೆಯಲಾರದ ನಿದ್ರೆ ಬರುವ ನಾರ್ಕೊಲೆಪ್ಸಿ ಇರುವವರು ಔಷಧಿಯಿಲ್ಲದೆ ವಾಹನ ಚಾಲನೆಯಲ್ಲಿ, ಉದ್ಯೋಗದಲ್ಲಿ, ಮನೆಯ ನಿರ್ವಹಣೆಯಲ್ಲಿ ಅಪಾಯಕ್ಕೆ ಸಿಲುಕಬಹುದು. ತೊಂದರೆ ಸೌಮ್ಯವಾಗಿದ್ದರೆ ಗರ್ಭಾವಸ್ಥೆಯಲ್ಲಿ ಔಷಧಿಯನ್ನು ಬಿಟ್ಟಿರಲು, ಇಲ್ಲವೆ ಪ್ರಮಾಣವನ್ನು ತಗ್ಗಿಸಲು ಸಾಧ್ಯವೇ ಎಂಬುದನ್ನು ಮನೋವೈದ್ಯರೂ ಪ್ರಸೂತಿತಜ್ಞರೂ ಕೂಡಿ, ಗರ್ಭಧಾರಣೆಗೆ ಮೊದಲೇ ಆಲೋಚಿಸುವುದು ಉತ್ತಮ.

ಔಷಧಿ ಮುಂದುವರಿಯುವುದಾದರೆ ಪರೋಕ್ಷ ಮಾರ್ಗಗಳನ್ನು ಕಾಯುವುದು ಕೈಯಳತೆಯಲ್ಲಿಯೇ ಇದೆ. ತೂಕ ಮತ್ತು ರಕ್ತದೊತ್ತಡಗಳನ್ನು ಕ್ರಮವಾಗಿ ಪರೀಕ್ಷಿಸಬೇಕು, ಹಸಿವಿಲ್ಲದಿದ್ದರೂ ಹೊತ್ತುಹೊತ್ತಿಗೆ ಆಹಾರ ಸೇವಿಸಬೇಕು, ವೈದ್ಯರ ಸಲಹೆಯಂತೆ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವಗಳನ್ನು ಪಡೆಯಬೇಕು, ಔಷಧಿಯ ಜೊತೆಗೆ ಕಾಫಿ, ಚಹಾಗಳ ಹೊರೆಯನ್ನು ತಗ್ಗಿಸಬೇಕು, ತಂಬಾಕಿನಿಂದ ದೂರವಿರಬೇಕು. ಮಗುವಿಗೆ ಮೊದಲ ಹಲ್ಲು ಮೂಡಿದಾಗ, ಹೆಚ್ಚೆಂದರೆ ಒಂದು ವರ್ಷ ತುಂಬುವುದರೊಳಗೆ, ದಂತವೈದ್ಯರಿಗೆ ತೋರಿಸಿ ಗರ್ಭಾವಸ್ಥೆಯ ಔಷಧಿಗಳ ವಿವರವನ್ನು ತಿಳಿಸಬೇಕು. ಕವಚ ದುರ್ಬಲವಾಗಿದ್ದರೂ ಅದು ಬೇಗ ತಿಳಿದಲ್ಲಿ ಹುಳುಕನ್ನು ತಡೆಯುವ ಉಪಾಯಗಳಿವೆ.

ಒಟ್ಟಿನಲ್ಲಿ, ಗರ್ಭಾವಸ್ಥೆಯಲ್ಲಿ ಸೇವಿಸಿದ ಉತ್ತೇಜಕ ಔಷಧಿಯು ಶಿಶುವಿನ ಹಲ್ಲನ್ನು ಕೆಡಿಸುತ್ತದೆಂದು ಸಾರುವುದಕ್ಕೂ, ಅದು ಪೂರ್ಣ ನಿರಪಾಯಕಾರಿಯೆಂದು ಭರವಸೆ ಕೊಡುವುದಕ್ಕೂ ಇಂದಿನ ಸಾಕ್ಷ್ಯಗಳು ಸಾಲವು. ಪರಿಣಾಮಕ್ಕೆ ಜೈವಿಕವಾದ ಮಾರ್ಗಗಳಿವೆ. ಅವುಗಳಲ್ಲಿ ಹೆಚ್ಚು ನಂಬಲರ್ಹವಾದವು ರಕ್ತಪೂರೈಕೆ, ಪೋಷಣೆ ಮತ್ತು ಪ್ರಸವದ ಕಾಲಗಳ ಮೂಲಕ ಬರುವ ಪರೋಕ್ಷ ಮಾರ್ಗಗಳು. ತಾಯಿಯನ್ನು ದೂಷಿಸುವ ಅಥವಾ ಹೆದರಿಸುವ ಮೊದಲು ವೈದ್ಯಶಾಸ್ತ್ರವು ಹಲ್ಲನ್ನೇ ಕೇಳಬೇಕಾಗಿದೆ. ಗರ್ಭದ ಹದಿನಾಲ್ಕನೆಯ ವಾರದಿಂದ ದಿನದಿನದ ಗುರುತನ್ನು ತನ್ನೊಳಗೆ ಬರೆದುಕೊಂಡು ಬಂದ ಅಂಗವದು. ಆ ಬರಹವನ್ನು ಓದುವ ವಿದ್ಯೆ ಕೈಗೆ ಬಂದಿದೆ. ಓದಬೇಕಾದ ಹಲ್ಲುಗಳನ್ನು ಔಷಧಿಯ ದಾಖಲೆಗಳೊಂದಿಗೆ ಜೋಡಿಸಿ ಕಾಪಿಡುವ ವ್ಯವಸ್ಥೆ ಇನ್ನು ಆಗಬೇಕಾದ ಕೆಲಸ.